ಎರಡು ಹಲ್ಲು ಬಾಕಿ

ರಮ್ಯಾ ಶಾಲೆಯಲ್ಲಿ ಗೋಡೆಗೆ ಮುಖಮಾಡಿ ಕೂತು ಊಟ ಮಾಡುತ್ತಿದ್ದಳು. ಬಲಗೈ ತಟ್ಟೆಯಲ್ಲಿ, ಎಡಗೈ ಬಾಯಿಗೆ ಅಡ್ಡ. ಸಾರು ಮೊಣಕೈವರೆಗೆ ಇಳಿದರೂ ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಬಡಿಸುವ ಹೆಂಗಸು ಮೊದಮೊದಲು "ಯಾಕಮ್ಮಿ, ಅಲ್ನೋವಾ?" ಎಂದು ಕೇಳುತ್ತಿದ್ದಳು. ಹುಡುಗಿ ಇಲ್ಲವೆಂದು ತಲೆಯಾಡಿಸುತ್ತಿದ್ದಳು. ಆಮೇಲೆ ಅವಳೂ ಕೇಳುವುದನ್ನು ಬಿಟ್ಟಳು.

ನೋವಿರಲಿಲ್ಲ. ಬಣ್ಣವಿತ್ತು. ಮೇಲಿನ ಸಾಲಿನ ಮುಂದಿನ ನಾಲ್ಕು ಹಲ್ಲೂ ಕಂದು. ನಡುನಡುವೆ ಸುಣ್ಣ ಬಳಿದ ಹಾಗೆ ಬಿಳಿ ಪಟ್ಟೆ, ಅಲ್ಲಲ್ಲಿ ಸಣ್ಣ ಗುಳಿ. ಬೋರೆಹುಂಡಿಯ ಕೆಳಕೇರಿಯಲ್ಲಿ ಎಲ್ಲ ಮಕ್ಕಳ ಹಲ್ಲೂ ಹೀಗೇ. ಎಲ್ಲರ ಮನೆ ದೋಸೆಯೂ ತೂತು ಎನ್ನುವ ಹಾಗೆ, ಊರ ಶಾಲೆಯಲ್ಲಿ ಇದ್ದಷ್ಟು ದಿನ ಅದೊಂದು ಊನವೆಂದು ಅವಳಿಗೆ ಅನ್ನಿಸಿರಲಿಲ್ಲ. ಎಂಟನೇ ಕ್ಲಾಸಿಗೆ ಪಕ್ಕದೂರಿನ ಹೈಸ್ಕೂಲಿಗೆ ಹೋದಳು ನೋಡಿ, ಮೊದಲನೇ ವಾರವೇ ಹುಡುಗರು ಅವಳಿಗೆ 'ಕಡ್ಡಿಪುಡಿ' ಎಂದು ಹೆಸರಿಟ್ಟರು. ಕಡ್ಡಿಪುಡಿ ಎಂದರೆ ನಮ್ಮ ಕಡೆ ಎಲೆಅಡಿಕೆ ಜೊತೆ ಹಾಕಿಕೊಳ್ಳುವ ಹೊಗೆಸೊಪ್ಪಿನ ಪುಡಿ. ವಿಜ್ಞಾನದ ಮೇಷ್ಟ್ರು ಕಿರಣ್‌ಕುಮಾರ್ ಹುಡುಗರನ್ನು ಗದರಿಸಿದರು. ಆದರೆ ಆಮೇಲೆ ಅವಳನ್ನು ಸ್ಟಾಫ್ ರೂಮಿಗೆ ಕರೆದು, "ನಿಜ ಹೇಳಮ್ಮ, ಹಾಕ್ತೀಯಾ? ಬ್ಯಾಗ್ ತೋರ್ಸು" ಎಂದರು. ಒಳ್ಳೆಯ ಮನುಷ್ಯನೇ. ಒಳ್ಳೆಯ ಮನುಷ್ಯನಿಗೂ ಅನುಮಾನ ಬಂತಲ್ಲ, ಅದು ಅವಳಿಗೆ ತಡೆಯಲಾಗಲಿಲ್ಲ.

ಅಂದಿನಿಂದ ಬಾಯಿಗೆ ಕೈ ಬಂತು. ಉತ್ತರ ಗೊತ್ತಿದ್ದರೂ ಎದ್ದು ನಿಲ್ಲುವುದಿಲ್ಲ. ಪಾಠ ಓದು ಎಂದರೆ ಗಂಟಲು ಸರಿಯಿಲ್ಲ ಎನ್ನುತ್ತಾಳೆ. ಹಾಜರಿ ಕೂಗಿದಾಗ ಕೈ ಎತ್ತುತ್ತಾಳೆ, ಬಾಯಿ ತೆರೆಯುವುದಿಲ್ಲ. ನಗು ಬಂದರೆ ದುಪಟ್ಟಾ ಕಚ್ಚಿಕೊಳ್ಳುತ್ತಾಳೆ. ಹದಿನಾಲ್ಕು ವರ್ಷದ ಹುಡುಗಿಗೆ ನಗು ತಡೆಯುವುದಕ್ಕಿಂತ ದೊಡ್ಡ ಶಿಕ್ಷೆ ಇನ್ನೇನಿದೆ?

ಈ ಬಣ್ಣ ಎಲ್ಲಿಂದ ಬಂತು ಎಂಬುದಕ್ಕೆ ಕೆಳಕೇರಿಯಲ್ಲಿ ಒಂದೇ ಉತ್ತರವಿತ್ತು. ಸೊಪ್ಪಿನ ಅಂಟು. ಹೊಗೆಸೊಪ್ಪು ಮುರಿದರೆ ಕೈಗೆ ಕಪ್ಪು ಅಂಟು ಹತ್ತುತ್ತದೆ, ಸೋಪು ಹಾಕಿದರೂ ಬಿಡುವುದಿಲ್ಲ. ಆ ಕೈಯಲ್ಲಿ ಮಕ್ಕಳು ಬಾಯಿ ಒರೆಸಿಕೊಳ್ಳುತ್ತವೆ, ಹಲ್ಲು ಕಪ್ಪಾಗುತ್ತವೆ. ಮೊದಲು ಯಾರು ಹೇಳಿದರೋ ಗೊತ್ತಿಲ್ಲ. ಕೇರಿಯವರೆಲ್ಲ ಕೂಲಿಗೆ ಹೋಗುವ ಹೊಗೆಸೊಪ್ಪಿನ ಹೊಲದ ಯಜಮಾನ ಬಸವಪ್ರಸಾದ್ ಮಾತ್ರ ಪ್ರತಿ ವರ್ಷ ಬದುವಿನ ಮೇಲೆ ನಿಂತು, "ಸೊಪ್ಪಿನ ಕೈ ಬಾಯ್ಗಿಕ್ಕಬೇಡ್ರೋ, ಅಲ್ಲು ಆಳಾಯ್ತವೆ" ಎಂದು ಬುದ್ಧಿ ಹೇಳುತ್ತಿದ್ದ. ಮೇಲ್ಕೇರಿಯ ಮಕ್ಕಳು ಸೊಪ್ಪು ಮುಟ್ಟುವುದಿಲ್ಲ, ಅವರ ಹಲ್ಲು ಬೆಳ್ಳಗಿವೆ. ಇದಕ್ಕಿಂತ ಸಾಕ್ಷಿ ಬೇಕೇ? ತಾಯಂದಿರು ಮಕ್ಕಳ ಕೈಗೆ ಹೊಡೆದರು. ಇದ್ದಿಲು, ಬೂದಿ, ನಿಂಬೆಹಣ್ಣು, ಎಲ್ಲದರಲ್ಲೂ ಉಜ್ಜಿಸಿದರು. ರಮ್ಯಾಳ ಅಜ್ಜಿ ಚಿಕ್ಕಬೀರಮ್ಮ ಇಟ್ಟಿಗೆ ಪುಡಿಯಲ್ಲಿ ಉಜ್ಜಿ ಉಜ್ಜಿ ಮೊಮ್ಮಗಳ ಒಸಡಿನಲ್ಲಿ ರಕ್ತ ಬರಿಸಿದ್ದಳು. ಬಣ್ಣ ಹೋಗಲಿಲ್ಲ.

ಹೀಗಿರುವಾಗ ಊರಿಗೆ ಹಲ್ಲಿನ ಬಸ್ಸು ಬಂತು.

ಬಿಳೀ ಬಸ್ಸು. ಮೈಮೇಲೆ 'ಮುಗುಳುನಗೆ ಟ್ರಸ್ಟ್' ಎಂದು ದೊಡ್ಡ ಅಕ್ಷರ, ಪಕ್ಕದಲ್ಲಿ ಕೈಮುಗಿದು ನಿಂತ ಬಸವಪ್ರಸಾದನ ಫೋಟೋ. ಅವನು ಈಗ ಬರೀ ಹೊಗೆಸೊಪ್ಪಿನ ಬೆಳೆಗಾರನಲ್ಲ. ಪಂಚಾಯಿತಿ ಅಧ್ಯಕ್ಷ. ಕಬಿನಿ ಹಿನ್ನೀರಿನ ದಡದ ದಿಬ್ಬದ ಮೇಲೆ ಹೋಂಸ್ಟೇ ಕಟ್ಟಿದ್ದಾನೆ, ಈಜುಕೊಳ, ಹುಲ್ಲುಹಾಸು ಎಲ್ಲ ಇದೆ. ಅಲ್ಲಿಗೆ ಬಂದ ಬೆಂಗಳೂರಿನ ಅತಿಥಿಗಳು ಸೇವೆ ಮಾಡಿ ಎಂದು ತಲೆಗೆ ತುಂಬಿದ್ದರು. ಮುಂದಿನ ಚುನಾವಣೆಗೆ ಇನ್ನೂ ದೊಡ್ಡ ಕುರ್ಚಿಯ ಮೇಲೆ ಕಣ್ಣಿತ್ತು. ಸೇವೆಗೂ ಕುರ್ಚಿಗೂ ಒಂದೇ ಬಸ್ಸು ಸಾಕಾಯಿತು.

ಬಸ್ಸಿನಲ್ಲಿದ್ದವಳು ಚೈತ್ರ ಎಂಬ ಚಿಕ್ಕ ಪ್ರಾಯದ ಡಾಕ್ಟರು. ಸಾಲಿನಲ್ಲಿದ್ದ ಮಕ್ಕಳ ಬಾಯಿ ನೋಡುತ್ತಾ ಬಂದು, ಎಲ್ಲಕ್ಕಿಂತ ಹೆಚ್ಚು ಕಂದಾಗಿದ್ದ ರಮ್ಯಾಳನ್ನು ಮೊದಲು ಕೂರಿಸಿದಳು. ರಮ್ಯಾ ಕುರ್ಚಿಯ ಮೇಲೆ ಮಲಗಿದಳು. ಬಾಯಿಗೆ ರಬ್ಬರ್ ಹಾಳೆ ಬಿತ್ತು. ಹುಳಿ ವಾಸನೆಯ ಮದ್ದು ಹಾಕಿ ಹಲ್ಲಿನ ಮೇಲೆ ಉಜ್ಜಿದರು, ತೊಳೆದರು, ಮತ್ತೆ ಉಜ್ಜಿದರು. ಏನೋ ಬಳಿದು ನೀಲಿ ಬೆಳಕು ಹಿಡಿದರು. ಅಜ್ಜಿಯ ಇಟ್ಟಿಗೆ ಪುಡಿಯಷ್ಟೂ ನೋವಾಗಲಿಲ್ಲ. ಬಲಗಡೆಯ ಎರಡು ಹಲ್ಲು ಮುಗಿದಾಗ ಚೈತ್ರ ಅವಳ ಕೈಗೆ ಕನ್ನಡಿ ಕೊಟ್ಟಳು.

ರಮ್ಯಾ ನೋಡಿದಳು. ಮತ್ತೆ ನೋಡಿದಳು. ಅಷ್ಟು ಬೆಳ್ಳಗಿನ ವಸ್ತು ತನ್ನ ಬಾಯಲ್ಲಿ ಇರುವುದೇ ಅವಳಿಗೆ ನಂಬಿಕೆಯಾಗಲಿಲ್ಲ. ಕಣ್ಣಲ್ಲಿ ನೀರು ಬಂತು.

"ಅಳ್ಬೇಡ್ವೇ, ಇನ್ನೆರಡು ಮಾಡಿಬಿಡೋಣ" ಎಂದು ಚೈತ್ರ ನಕ್ಕಳು.

ಅಷ್ಟರಲ್ಲಿ ಬಸವಪ್ರಸಾದ್ ಫೋಟೋದವನನ್ನು ಕರೆದುಕೊಂಡು ಬಸ್ಸು ಹತ್ತಿದ. ಹುಡುಗಿಯ ಬಾಯಿ ನೋಡಿ ಅವನ ಮುಖ ಅರಳಿತು.

"ಸಾಕು ನಿಲ್ಸಿ ಡಾಕ್ಟ್ರೇ. ಒಂದೇ ಬಾಯಲ್ಲಿ ಎರಡೂ ಕಾಣ್ತದೆ. ಮೊದ್ಲು ಎಂಗಿತ್ತು, ಆಮೇಲೆ ಎಂಗಾಯ್ತು. ಇದಕ್ಕಿಂತ ಚೆನ್ನಾಗಿರೋ ಫೋಟೋ ಎಲ್ ಸಿಕ್ತದೆ?"

"ಫೋಟೋ ತೆಕ್ಕೊಳ್ಳಿ ಸಾರ್. ಆಮೇಲೆ ಉಳಿದಿದ್ದೂ ಮಾಡ್ಬಿಡ್ತೀನಿ. ಜಾಸ್ತಿ ಹೊತ್ತಾಗಲ್ಲ."

"ಉಳ್ದಿದ್ದು ಸ್ಟೇಜ್ ಮುಂದೆ. ಟ್ರಸ್ಟ್ ಉದ್ಘಾಟನೆ ಇಟ್ಕೊಂಡಿದ್ದೀನಿ. ದೊಡ್ಡೋರೆಲ್ಲ ಬತ್ತಾರೆ. ಅವರ ಕಣ್ಮುಂದೆ ಆ ಎರಡು ಬೆಳ್ಳಗಾಗ್ಲಿ. ಇವತ್ತು ಉಳಿದ ಮಕ್ಳಿಗೆ ಬ್ರಷ್ಷು ಪೇಸ್ಟು ಕೊಟ್ಟು ಕಳಿಸ್ಬಿಡಿ."

ಫೋಟೋದವನು ಹುಡುಗಿಯ ತುಟಿಯನ್ನು ಬೆರಳಲ್ಲಿ ಮೇಲೆತ್ತಿದ. "ಅಲ್ಲು ಬುಡಮ್ಮ. ಇನ್ನೂ ಬುಡು" ಎಂದ.

ಅವರು ಇಳಿದ ಮೇಲೆ ಚೈತ್ರ ಗ್ಲೌಸ್ ಬಿಚ್ಚುತ್ತಾ ಮೆಲ್ಲಗೆ ಕೇಳಿದಳು. "ನಿಮ್ಮ ಬೀದೀಲಿ ಎಲ್ಲ ಮಕ್ಕಳಿಗೂ ಹೀಗೇನಾ?"

"ಹೂಂ ಮೇಡಂ. ಸೊಪ್ಪಿನ ಅಂಟು."

"ಮೇಲಿನ ಬೀದಿಯವರಿಗೆ?"

"ಅವ್ರು ಸೊಪ್ಪು ಮುಟ್ಟಲ್ಲ."

"ಅವರು ಕುಡಿಯೋ ನೀರು ಯಾವುದು?"

"ಹೊಳೆ ನೀರು. ಪೈಪಲ್ಲಿ ಬತ್ತದೆ. ನಮ್ಗೆ ಬೋರು."

ಚೈತ್ರ ಬಾಗಿಲ ಕಡೆ ಒಮ್ಮೆ ನೋಡಿದಳು. "ಇದು ಸೊಪ್ಪಿಂದ ಬರಲ್ಲ ಕಣೇ. ನೀರಿಂದ ಬರುತ್ತೆ. ಹಲ್ಲು ಒಸಡಿನ ಒಳಗೇ ಬೆಳೀತಾ ಇರುವಾಗ ಹೀಗಾಗಿಬಿಡುತ್ತೆ. ಎಷ್ಟು ಉಜ್ಜಿದ್ರೂ ಹೋಗಲ್ಲ. ಸಣ್ಣ ಮಕ್ಕಳಿಗೆ ಆ ನೀರು ಕುಡಿಸಬೇಡಿ." ಆಮೇಲೆ ಇನ್ನೂ ಮೆಲ್ಲಗೆ, "ನಾನು ಹೇಳಿದೆ ಅಂತ ಎಲ್ಲೂ ಹೇಳ್ಬೇಡ" ಎಂದಳು. ಅವಳಿಗೂ ಬಸವಪ್ರಸಾದನ ಟ್ರಸ್ಟಿನಿಂದ ಸಂಬಳ ಬರಬೇಕಿತ್ತು.

ಬೋರಿನ ನೀರು ಬಿಟ್ಟು ಬೇರೆ ಯಾವ ನೀರು ಕುಡಿಯುವುದು? ಹೊಳೆ ನೀರಿನ ಪೈಪು ಊರಿಗೆ ಬಂದದ್ದು ರಮ್ಯಾ ಹುಟ್ಟಿದ ವರ್ಷ. ಎರಡೂ ಕೇರಿಗೆ ಎಂದೇ ಬಂದದ್ದು. ಆದರೆ ಕೆಳಕೇರಿಯ ವಾಲ್ವು ಬಸವಪ್ರಸಾದನ ಗೇಟಿನ ಪಕ್ಕದಲ್ಲಿ ಕೂತಿತು, ಅದರ ಕೀ ಅವನ ಮನೆಯ ಗೂಟಕ್ಕೆ ನೇತುಬಿತ್ತು. ಮೇಲ್ಕೇರಿಗೆ ಬಿಟ್ಟು ಮಿಕ್ಕದ್ದು ಹೋಂಸ್ಟೇಗೆ. ಊರಿಗೆ ನೀರು ಬಿಡುವ ನೀರುಗಂಟಿ ಸಣ್ಣಬೀರಯ್ಯನನ್ನು ಕೇಳಿದರೆ, "ಪ್ರೆಸರ್ರು ಇಲ್ಲ ಕಣ್ರವ್ವ, ಕೆಳೀಕ್ ಅರಿಯಕಿಲ್ಲ" ಎನ್ನುತ್ತಿದ್ದ. ತಗ್ಗಿಗೆ ಹರಿಯದ ನೀರು ದಿಬ್ಬದ ಮೇಲಿನ ಈಜುಕೊಳಕ್ಕೆ ಹೇಗೆ ಹರಿಯಿತು ಎಂದು ಯಾರೂ ಕೇಳಲಿಲ್ಲ. ಸೊಪ್ಪಿನ ಕೂಲಿ ಇರುವುದೂ ಆ ಗೇಟಿನ ಒಳಗೇ ತಾನೆ.

ರಮ್ಯಾ ಮನೆಗೆ ಬಂದು ನೀರಿನ ಸಂಗತಿ ಹೇಳಿದಾಗ ಅಪ್ಪ ಶಿವಶಂಕರ ನಂಬಲಿಲ್ಲ. ಅವನು ಬಸವಪ್ರಸಾದನ ಬ್ಯಾರನ್ನಿನಲ್ಲಿ, ಎಂದರೆ ಸೊಪ್ಪು ಬೇಯಿಸಿ ಒಣಗಿಸುವ ಮನೆಯಲ್ಲಿ, ಬೆಂಕಿ ಹಾಕುವವನು.

"ನೀರಲ್ಲೇನದೆ? ಉಟ್ಟಿದಾಗ್ನಿಂದ ಕುಡ್ದಿವ್ನಿ. ನನ್ನ ಅಲ್ಲೂ ಕಂದೇ, ಅದು ಬೀಡಿಗೆ ಆಗಿರಾದು. ಸುಮ್ಕಿರು. ಉಳ್ದಿರಾ ಎರಡು ಮಾಡುಸ್ಕಳಗಂಟ ಬಾಯ್ ಬುಡಬ್ಯಾಡ."

ಅರ್ಧ ಬೆಳ್ಳಗಾದದ್ದು ಪೂರಾ ಕಂದಾಗಿದ್ದದ್ದಕ್ಕಿಂತ ಕೆಟ್ಟದಾಯಿತು. ಮೊದಲು ನಾಲ್ಕೂ ಒಂದೇ ಬಣ್ಣ. ಈಗ ಬಿಳಿಯ ಪಕ್ಕ ಕಂದು ಇನ್ನೂ ಎದ್ದು ಕಾಣುತ್ತಿತ್ತು. ಅವಳ ಅವ್ವ ಕೊಡಗಿನ ಕಾಫಿ ತೋಟದ ಕೂಲಿಗೆ ಹೋಗಿ ಅಲ್ಲೇ ಲೈನ್‌ಮನೆಯಲ್ಲಿದ್ದಳು, ಊರಿಗೆ ಬರುವುದು ಹಬ್ಬಕ್ಕೆ. ವೀಡಿಯೊ ಕಾಲ್ ಮಾಡಿ, "ಎಲ್ಲಿ ಮಗಾ, ತೋರ್ಸು" ಎಂದಳು. ರಮ್ಯಾ ಮುಖವನ್ನು ಓರೆ ಮಾಡಿ ಬಲಗಡೆ ಮಾತ್ರ ತೋರಿಸಿದಳು. "ಅಯ್ ನನ್ ಕಂದ, ಮಲ್ಗೆ ಮೊಗ್ಗು!" ಎಂದು ಅವ್ವ ಅಲ್ಲಿ ಅತ್ತಳು. ರಮ್ಯಾ ಇಲ್ಲಿ ಎಡಗೆನ್ನೆ ಮುಚ್ಚಿಕೊಂಡೇ ಕೂತಿದ್ದಳು.

ಮುಂದಿನ ವಾರ ಹ್ಯಾಂಡ್‌ಪೋಸ್ಟ್ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿತು. ಕಣ್ಣಿಲ್ಲ, ಮೂಗಿಲ್ಲ, ಬರೀ ಬಾಯಿ. ಕಂದಿನ ಮೇಲೆ 'ಮೊದಲು', ಬಿಳಿಯ ಮೇಲೆ 'ನಂತರ'. ಕೆಳಗೆ ಬಸವಪ್ರಸಾದ್ ಕೈಮುಗಿದು ನಗುತ್ತಿದ್ದ. ಶಾಲೆಗೆ ಹೋಗುವ ಬಸ್ಸಿನ ಕಿಟಕಿಯಿಂದ ನೋಡಿದ ರಮ್ಯಾ ತನ್ನ ಬಾಯನ್ನು ತಾನೇ ಗುರುತು ಹಿಡಿದಳು. ಕ್ಲಾಸಿನ ಹುಡುಗರೂ ಹಿಡಿದರು. ಕಡ್ಡಿಪುಡಿ ಹೋಗಿ ಹೊಸ ಹೆಸರು ಬಂತು, 'ಸ್ಯಾಂಪಲ್'. ಅವಳು ಶಾಲೆ ಬಿಟ್ಟಳು. ನಾಲ್ಕೂ ಬೆಳ್ಳಗಾಗುವವರೆಗೆ ಹೋಗುವುದಿಲ್ಲ ಎಂದು ಹಟ ಹಿಡಿದು ಸೊಪ್ಪು ಕಟ್ಟುವ ಕೊಟ್ಟಿಗೆಯಲ್ಲಿ ಹೋಗಿ ಕೂತಳು.

ಉದ್ಘಾಟನೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗುತ್ತಿತ್ತು. ಚಿಕ್ಕಬೀರಮ್ಮ ತಡೆಯಲಾರದೆ ಮೊಮ್ಮಗಳ ಕೈ ಹಿಡಿದುಕೊಂಡು ಮೇಲ್ಕೇರಿಗೆ ನಡೆದಳು. ಜಗಲಿಯ ಮೇಲೆ ಬಸವಪ್ರಸಾದನ ತಂದೆ ಕಂಠಪ್ಪ ಕೂತಿದ್ದರು. ಹಣ್ಣುಹಣ್ಣು ಮುದುಕರು. ರಮ್ಯಾ ಅಂಗಳದಲ್ಲಿ ತಲೆ ತಗ್ಗಿಸಿ, ಬಾಯಿಗೆ ಕೈ ಅಡ್ಡ ಇಟ್ಟು ನಿಂತಳು. ಮುದುಕರು ಕನ್ನಡಕ ಸರಿಮಾಡಿಕೊಂಡು ನೋಡಿದರು. ಅವರ ಮುಖದಲ್ಲಿ ಎಷ್ಟೋ ಕಾಲದ ಮೇಲೆ ಸಂತೋಷ ಕಾಣಿಸಿತು.

"ಬೀರಮ್ಮ, ಇದು ನಿನ್ನ ಮೊಮ್ಮಗಳಾ? ಭೇಷ್! ಈಗಿನ ಕಾಲದಾಗೂ ಮರ್ಯಾದೆ ಉಳಿಸ್ಕಂಡಿದ್ದೀರಲ್ಲ. ದೊಡ್ಡೋರ ಮುಂದೆ ಎಂಗೆ ನಿಂತ್ಕೋಬೇಕು ಅಂತ ಗೊತ್ತು ಈ ಕೂಸಿಗೆ. ನಮ್ಮ ಅಪ್ಪಾಜಿ ಕಾಲ್ದಲ್ಲಿ ಎಲ್ರೂ ಇಂಗೇ ನಿಲ್ತಿದ್ರು."

ಚಿಕ್ಕಬೀರಮ್ಮನಿಗೆ ಕೆನ್ನೆಗೆ ಹೊಡೆದ ಹಾಗಾಯಿತು. ನಿಲ್ಲುತ್ತಿದ್ದರು, ನಿಜ. ಅವಳೇ ನಿಂತಿದ್ದಳು. ಇದೇ ಅಂಗಳ. ಜೀತದಾಳಿನ ಮಗಳು ಎಂಜಲು ಗಾಳಿ ಒಡೆಯರಿಗೆ ತಾಗಬಾರದೆಂದು ಬಾಯಿಗೆ ಕೈ ಇಟ್ಟು, 'ಬುದ್ದೀ' ಎಂದು ಬಗ್ಗಿ ಮಾತಾಡಬೇಕಿತ್ತು. ಒಂದು ದಿನ ಸೀನು ಬಂದು ಕೈ ಜಾರಿದ್ದಕ್ಕೆ ಅವಳ ಅಪ್ಪನ ಬೆನ್ನ ಮೇಲೆ ಬಾರುಕೋಲು ಆಡಿತ್ತು. ಆ ಕೈಯನ್ನು ಬಾಯಿಂದ ಕೆಳಗಿಳಿಸಲು ಅವಳಿಗೆ ಅರ್ಧ ಆಯಸ್ಸು ಹಿಡಿದಿತ್ತು. ತಾನು ಇಳಿಸಿದ ಕೈ ಮೊಮ್ಮಗಳ ಬಾಯಿಗೆ ಹೋಗಿ ಕೂತಿದೆ. ಆಗ ಬಾರುಕೋಲು ಮಾಡುತ್ತಿದ್ದ ಕೆಲಸವನ್ನು ಈಗ ಕಂದು ಹಲ್ಲು ಮಾಡುತ್ತಿದೆ.

"ಅದು ಮರ್ಯಾದೆ ಅಲ್ಲ ಕಣಪ್ಪೋ. ಅಲ್ಲು ಕಾಣ್ತವೆ ಅಂತ ಮುಚ್ಕಂಡದೆ."

"ಓ, ಅಲ್ಲಾ?" ಕಂಠಪ್ಪ ನಕ್ಕರು. "ಅದಕ್ಯಾಕೆ ನಾಚ್ಕೆ. ನಮ್ಮ ಪ್ರಸಾದಂದೂ ಚಿಕ್ಕಂದ್ರಲ್ಲಿ ಇಂಗೇ ಇದ್ದೊ. ಬಾವಿ ಬತ್ತಿತು ಅಂತ ನಾನೇ ನಿಂತು ಊರಿಗೆಲ್ಲ ಬೋರು ಕೊರ್ಸಿದ್ನಲ್ಲ, ನೀವು ಈಗ್ಲೂ ಕುಡಿಯೋದು, ಅದರ ನೀರು. ಮೈಸೂರಿನ ಡಾಕ್ಟ್ರು ಆವಾಗ್ಲೇ ಏಳಿದ್ರು, ಈ ನೀರು ಮಕ್ಳಿಗೆ ಆಗಲ್ಲ ಅಂತ. ಕಾಲೇಜಿಗೆ ಓಗೋವಾಗ ಮುಂದಿನ ಅಲ್ಲಿಗೆಲ್ಲ ಹೊಸಾದು ಹಾಕ್ಸಿದ್ವಿ. ಈಗ ನೋಡು, ಪೇಟೆಯವನಂಗೆ ಕಾಣ್ತಾನೆ."

ಮುದುಕರು ಮಗನ ಚೆಲುವು ಹೊಗಳುತ್ತಿದ್ದರು. ಏನು ಹೇಳಿಬಿಟ್ಟೆ ಎಂಬುದು ಅವರಿಗೆ ಗೊತ್ತಾಗಲಿಲ್ಲ. ರಮ್ಯಾಳಿಗೆ ಗೊತ್ತಾಯಿತು. ಬಸವಪ್ರಸಾದ್ ಒಂದು ದಿನವೂ ಸೊಪ್ಪು ಕಟ್ಟಿದವನಲ್ಲ.

ಒಳಗಿಂದ ಬಂದ ಬಸವಪ್ರಸಾದ್ ಅವರನ್ನು ನೋಡಿ, "ಒಳ್ಳೇದಾಯ್ತು ಬಂದದ್ದು" ಎಂದ. "ಭಾನುವಾರ ಫಂಕ್ಷನ್. ಸ್ಟೇಜ್ ಮೇಲೆ ನೀನು ಎರಡು ಮಾತಾಡ್ಬೇಕು ಪುಟ್ಟ. 'ನಾನು ಹಲ್ಲುಜ್ಜದೆ, ಕಡ್ಡಿಪುಡಿ ಹಾಕ್ಕೊಂಡು ನನ್ನ ಹಲ್ಲು ಹೀಗಾಯಿತು. ಬಸವಪ್ರಸಾದ್ ಸಾರ್ ನನಗೆ ನಗು ಕೊಟ್ಟರು.' ಇಷ್ಟೇ. ಹೇಳಿ ಇಳಿದ ತಕ್ಷಣ ಬಸ್ ಹತ್ತು, ಉಳಿದ ಎರಡು ಬೆಳ್ಳಗೆ."

"ನಾನು ಕಡ್ಡಿಪುಡಿ ಹಾಕಲ್ಲ ಸಾರ್" ಎಂದಳು ರಮ್ಯಾ, ಕೈಯ ಹಿಂದಿನಿಂದ.

"ಗೊತ್ತು ಕಣಮ್ಮ. ಸೊಪ್ಪು ಅಂತ ಹೇಳಿದ್ರೆ ಮಕ್ಳ ಕೈಲಿ ಕೆಲ್ಸ ಮಾಡುಸ್ತಾರೆ ಅಂತ ಕೇಸು ಮಾಡ್ತಾರೆ. ನಿಮ್ಮಪ್ಪನ ಕೆಲ್ಸಕ್ಕೇ ಕುತ್ತು. ಕಡ್ಡಿಪುಡಿ ಅಂದ್ರೆ ಯಾರಿಗೂ ತೊಂದ್ರೆ ಇಲ್ಲ."

ಯಾರಿಗೂ ಎಂದರೆ ಅವನ ಲೆಕ್ಕದಲ್ಲಿ ಆ ಹುಡುಗಿ ಇರಲಿಲ್ಲ.

ಶನಿವಾರ ಸಂಜೆ ಶಿವಶಂಕರ ಬ್ಯಾರನ್ನಿನ ಒಲೆಯ ಮುಂದೆ ಮಗಳನ್ನು ಕೂರಿಸಿಕೊಂಡು ಆ ಎರಡು ಮಾತನ್ನು ಬಾಯಿಪಾಠ ಮಾಡಿಸಿದ. "ಏಳ್ಬುಡು ಕಣವ್ವ. ಮಾತ್ ತಾನೆ? ಮಾತಿಗೇನು ಬಣ್ಣ ಅತ್ತಕಿಲ್ಲ. ಅಲ್ಲು ಬೆಳ್ಳಗಾಯ್ತವೆ, ಸ್ಕೂಲಿಗೆ ಓಯ್ತೀಯ. ನಾನು ಇನ್ನೇನ್ ಮಾಡ್ಸಕ್ಕಾಯ್ತದೆ ನಿಂಗೆ, ಏಳು?" ಅವನು ಒಲೆಗೆ ಇನ್ನೊಂದು ಸೌದೆ ತುರುಕಿದ. ರಮ್ಯಾ ಹೂಂ ಎಂದಳು. ಅವಳಿಗೂ ಆ ಎರಡು ಹಲ್ಲು ಬೇಕಿತ್ತು. ಅನ್ನದ ಹಸಿವಿಗಿಂತ ಹೆಚ್ಚಾಗಿ ಬೇಕಿತ್ತು. ನಿಜವಾಗಿ ಹೇಳಿಬಿಡಬೇಕು ಎಂದೇ ತೀರ್ಮಾನ ಮಾಡಿ ಮನೆಗೆ ಬಂದಳು.

ಮನೆಯಲ್ಲಿ ತಂಗಿ ಬಿಂದು ಕುಣಿಯುತ್ತಿದ್ದಳು. ಆರು ವರ್ಷದ ಮಗು. ಬಿದ್ದ ಹಾಲುಹಲ್ಲನ್ನು ಸಗಣಿಯಲ್ಲಿಟ್ಟು ಹೆಂಚಿನ ಮೇಲೆಸೆದು, ಒಳ್ಳೇ ಹಲ್ಲು ಕೊಡು ಎಂದು ಕೇಳಿಕೊಂಡಿದ್ದಳು. ಎಲ್ಲ ಮಕ್ಕಳೂ ಹಾಗೇ ಮಾಡುವುದು. "ಅಕ್ಕಾ, ಬಂತು ಕಣೇ, ಒಸಾ ಅಲ್ಲು!" ಎಂದು ಬಾಯಿ ತೆರೆದಳು. ರಮ್ಯಾ ದೀಪದ ಹತ್ತಿರ ಕರೆದು ನೋಡಿದಳು. ಒಸಡು ಸೀಳಿಕೊಂಡು ಅಕ್ಕಿಕಾಳಿನಷ್ಟು ತುದಿ ಇಣುಕಿತ್ತು. ಅದರ ಮೇಲೆ ಆಗಲೇ ಕಂದು ಕಲೆ.

ಬಿಂದು ಸೊಪ್ಪು ಮುಟ್ಟಿದವಳಲ್ಲ. ಅಂಟು ಹತ್ತೀತೆಂದು ಅಜ್ಜಿ ಅವಳನ್ನು ಹೊಲದ ಬದುವಿಗೂ ಬಿಟ್ಟಿರಲಿಲ್ಲ.

"ಚೆನ್ನಾಗದಾ ಅಕ್ಕ?"

"ಚೆನ್ನಾಗದೆ" ಎಂದಳು ರಮ್ಯಾ. ಚಿಕ್ಕಬೀರಮ್ಮ ಬಂದು ತಾನೂ ನೋಡಿದಳು. ಆಮೇಲೆ ಇಟ್ಟಿಗೆ ಪುಡಿಯಲ್ಲಿ ತಾನು ಒಸಡು ಉಜ್ಜಿದ್ದ ರಮ್ಯಾಳ ತುಟಿಯನ್ನು ಸವರಿ, "ತಪ್ಪಾಯ್ತು ಕಣವ್ವ" ಎಂದಳು.

ಭಾನುವಾರ ಶಾಮಿಯಾನ ತುಂಬಿತ್ತು. ಕೆಳಕೇರಿಯವರನ್ನು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಬಂದಿದ್ದರು, ಚಪ್ಪಾಳೆಗೆ ಜನ ಬೇಕಲ್ಲ. ವೇದಿಕೆಯ ಮೇಲೆ ಅತಿಥಿಗಳು, ಅವರ ಮುಂದೆ ಬಾಟಲಿ ನೀರು. ಪಕ್ಕದಲ್ಲಿ ಹಲ್ಲಿನ ಬಸ್ಸು ಬಾಗಿಲು ತೆರೆದು ನಿಂತಿತ್ತು. ಚೈತ್ರ ಬಿಳೀ ಕೋಟು ಹಾಕಿಕೊಂಡು ಮೆಟ್ಟಿಲ ಬಳಿ ಇದ್ದಳು. ಬಸವಪ್ರಸಾದ್ ರಮ್ಯಾಳ ಹೆಗಲ ಮೇಲೆ ಕೈಯಿಟ್ಟು ಮೈಕಿನ ಮುಂದೆ ತಂದು ನಿಲ್ಲಿಸಿದ.

ಅವಳ ಎಡಗೈ ತಾನಾಗಿ ಬಾಯಿಗೆ ಹೋಯಿತು. ಮುಂದಿನ ಸಾಲಿನಲ್ಲಿ ಹುಡುಗರು ಕಿಸಕ್ಕೆಂದರು. ಯಾರೋ ಸ್ಯಾಂಪಲ್ ಎಂದರು. ಬಸ್ಸಿನ ಬಾಗಿಲು ಅವಳಿಗೆ ಕಾಣುತ್ತಿತ್ತು. ಅಲ್ಲಿಗೆ ನಾಲ್ಕು ಹೆಜ್ಜೆ. ಎರಡು ಮಾತು.

"ನಾನು..." ಎಂದಳು. ಕೈ ಇಳಿಸಿದಳು. "ನಾನು ಕಡ್ಡಿಪುಡಿ ಹಾಕಿಲ್ಲ. ದಿನಾ ಹಲ್ಲುಜ್ತೀನಿ. ನನ್ನ ತಂಗಿ ಬಿಂದು ಸೊಪ್ಪೂ ಮುಟ್ಟಿಲ್ಲ, ಅವ್ಳಿಗೆ ನಿನ್ನೆ ಹೊಸ ಹಲ್ಲು ಬಂತು, ಅದೂ ಕಂದೇ. ಬಸವಪ್ರಸಾದ್ ಸಾರ್‌ಗೂ ಚಿಕ್ಕಂದ್ರಲ್ಲಿ ಹೀಗೇ ಇತ್ತು. ಅವರ ತಂದೇನೇ ಹೇಳಿದ್ದು. ಬೋರಿನ ನೀರು ಕುಡಿದು ಬಂದದ್ದು ಅಂತ ಅವರಿಗೆ ಗೊತ್ತು. ಅವರು ಹೊಳೆ ನೀರಿಗೆ ಹೋದ್ರು. ನಮ್ಗೆ ಬೋರೇ ಬಿಟ್ರು."

ಮೈಕು ಗೊರ್ ಎಂದು ಸತ್ತಿತು. ಬಸವಪ್ರಸಾದನ ನಗು ಮಾತ್ರ ಹಲ್ಲಿನ ಮೇಲೆ ಹಾಗೇ ಇತ್ತು, ಕಣ್ಣು ಎತ್ತಲೋ ಹೋಗಿತ್ತು. ಅತಿಥಿಯೊಬ್ಬರು ಚೈತ್ರಳ ಕಡೆ ತಿರುಗಿ, "ಹೌದೇನಮ್ಮ ಡಾಕ್ಟರೇ?" ಎಂದು ಕೇಳಿದರು.

ಚೈತ್ರ ನೆಲ ನೋಡಿದಳು. "ನೀರು ಟೆಸ್ಟ್ ಮಾಡಿಸ್ಬೇಕು ಸಾರ್" ಎಂದಳು.

ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. ಕೆಳಕೇರಿಯ ಹೆಂಗಸರಿಗೆ ಅಷ್ಟು ಸಾಕಾಯಿತು. ಪುಟ್ಟಮಲ್ಲಮ್ಮ ಎಂಬುವಳು ಎದ್ದು ತನ್ನ ಮೊಮ್ಮಗನನ್ನು ಎಳೆದುಕೊಂಡು ವೇದಿಕೆಯ ಮುಂದೆ ಬಂದಳು. "ಬಾಯ್ ತಗೀಲಾ. ತೋರ್ಸು ಇವ್ರಿಗೆ" ಎಂದಳು. ಅವಳ ಹಿಂದೆ ಇನ್ನೊಬ್ಬಳು ಬಂದಳು. ಆಮೇಲೆ ಯಾರು ಮೊದಲು ಯಾರು ಹಿಂದೆ ಎಂದು ಗೊತ್ತಾಗಲಿಲ್ಲ. ಸಣ್ಣವು, ದೊಡ್ಡವು, ಎಲ್ಲ ಮಕ್ಕಳೂ ಬಾಯಿ ತೆರೆದು ನಿಂತವು. ಅತಿಥಿಗಳಿಗೆ ಬೇರೆ ಕಾರ್ಯಕ್ರಮ ನೆನಪಾಯಿತು. ಕಾರುಗಳು ಹೊರಟವು.

ಹಲ್ಲಿನ ಬಸ್ಸೂ ಹೊರಟಿತು. ಚೈತ್ರ ಕಿಟಕಿಯಿಂದ ರಮ್ಯಾಳ ಕಡೆ ನೋಡಿದಳು. ಏನೋ ಹೇಳಬೇಕೆಂದಿದ್ದಳೋ ಏನೋ. ರಮ್ಯಾ ಆ ಬಸ್ಸು ಕಾಣದಾಗುವವರೆಗೂ ನೋಡುತ್ತಿದ್ದು, ಆಮೇಲೆ ಅಜ್ಜಿಯ ಮಡಿಲಿಗೆ ಬಿದ್ದು ಗೊಳೋ ಎಂದು ಅತ್ತಳು. ದೊಡ್ಡ ಮಾತಾಡಿದವಳು ಎಂದು ನಾವು ಹೊಗಳಬಹುದು. ಹೋದದ್ದು ಅವಳ ಹಲ್ಲು.

ಮರುದಿನ ಬೆಳಿಗ್ಗೆ ಶಿವಶಂಕರನಿಗೆ ಬ್ಯಾರನ್ನಿನ ಕಡೆ ಬರಬೇಡ ಎಂದು ಹೇಳಿ ಕಳಿಸಿದರು. ಅವನು ಮಗಳ ಮೇಲೆ ಕೂಗಾಡಲಿಲ್ಲ. ಬಿಂದುವಿನ ತುಟಿ ಎತ್ತಿ ನೋಡಿದ, ಗೋಡೆಯ ಕನ್ನಡಿಯಲ್ಲಿ ತನ್ನ ಹಲ್ಲು ನೋಡಿಕೊಂಡ. "ಬೀಡಿ ಅಂದ್ಕಂಡಿದ್ದೆ" ಎಂದ, ಅಷ್ಟೆ. ಹೆಂಗಸರು ಮಾತ್ರ ಸುಮ್ಮನಿರಲಿಲ್ಲ. ಸೊಪ್ಪು ಹಣ್ಣಾಗಿ ಗಿಡದ ಮೇಲೆ ನಿಂತಿತ್ತು. ಹದ ಬಂದ ದಿನ ಮುರಿಯದಿದ್ದರೆ ಅದು ಸುಟ್ಟುಹೋಗುತ್ತದೆ, ಹರಾಜಿನಲ್ಲಿ ಯಾರೂ ಮೂಸುವುದಿಲ್ಲ. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಟ್ರ್ಯಾಕ್ಟರು ಬಂದು ಹಾರನ್ ಬಾರಿಸಿತು. ಕೆಳಕೇರಿಯಿಂದ ಒಬ್ಬಳೂ ಹತ್ತಲಿಲ್ಲ. "ವಾಲ್ವು ತಿರುಗ್ಸಿದ್ ದಿನ ಬತ್ತೀವಿ ಅಂತ ಏಳು ನಿಮ್ಮ ಯಜಮಾನಂಗೆ" ಎಂದು ಪುಟ್ಟಮಲ್ಲಮ್ಮ ಡ್ರೈವರಿಗೆ ಹೇಳಿದಳು. ಮನೆಗಳಲ್ಲಿ ಹಿಟ್ಟು ತಳ ಕಂಡಿತ್ತು. ಆದರೂ ಹೋಗಲಿಲ್ಲ.

ಹೊರಗಿನಿಂದ ಆಳು ತರಿಸಲು ನೋಡಿದರು. ಎಲ್ಲ ಕಡೆಯೂ ಸೊಪ್ಪಿನ ಕಾಲ, ಆಳು ಸಿಗಲಿಲ್ಲ. ಗಿಡದ ಮೇಲೆ ಎಲೆಗಳ ಅಂಚು ಕಪ್ಪಾಗತೊಡಗಿದ ಮೇಲೆ ಬಸವಪ್ರಸಾದ್ ಕೆಳಕೇರಿಗೆ ಬಂದ. ಓಟು ಕೇಳುವಾಗ ಬಿಟ್ಟರೆ ಅವನ ಕಾರು ಆ ಬೀದಿಗೆ ಬಂದದ್ದಿಲ್ಲ. ಬಂದವನು ಶಿವಶಂಕರನ ಮನೆ ಮುಂದೆಯೇ ನಿಂತ. ಬೀದಿಯ ಜನವೆಲ್ಲ ಸುತ್ತ ಸೇರಿತು.

"ಏನ್ ಚಿಕ್ಕಬೀರಮ್ಮ, ಚೆನ್ನಾಗಿದ್ದೀಯಾ?" ಎಂದ. ಅವಳು ಬಿಂದುವನ್ನು ಹತ್ತಿರಕ್ಕೆ ಎಳೆದುಕೊಂಡಳು. "ಆಗಿದ್ದು ಆಗೋಯ್ತು. ಮಗು, ಏನೋ ಮಾತಾಡ್ತು. ನಾನು ಮನಸ್ಸಿಗೆ ಹಾಕ್ಕೊಂಡಿಲ್ಲ. ನಾಳೆನೇ ನನ್ನ ಕಾರಲ್ಲಿ ಮೈಸೂರಿಗೆ ಕರ್ಕೊಂಡ್ ಹೋಗ್ಲಿ. ನನ್ನ ಹಲ್ಲು ಮಾಡಿದ ಡಾಕ್ಟ್ರೇ, ಉಳಿದ ಎರಡೂ ಮಾಡ್ತಾರೆ. ಸ್ಟೇಜೂ ಇಲ್ಲ, ಮಾತೂ ಇಲ್ಲ. ಶಿವಶಂಕರ, ನೀನು ಬ್ಯಾರನ್ನಿಗೆ ಬಾ. ನೀವೆಲ್ಲ ಸೊಪ್ಪಿಗೆ ಬನ್ನಿ. ಮುಗೀತಲ್ಲ?"

"ನೀರು?" ಎಂದು ಗುಂಪಿನಲ್ಲಿ ಯಾರೋ ಕೇಳಿದರು.

"ಅದು ಎಂಜಿನಿಯರ್ ಕೈಲದೆ, ಟೈಮ್ ಆಯ್ತದೆ. ಬೋರಿನ ನೀರಿಗೆ ಏನಾಗದೆ? ಒಳ್ಳೇ ನೀರು ಅದು, ನಮ್ಮಪ್ಪ ಕೊರೆಸಿದ್ದು. ಸುಮ್ನೆ ಯಾರೋ ತಲೆ ಕೆಡಿಸವ್ರೆ ನಿಮ್ಗೆ." ಅವನು ರಮ್ಯಾಳ ಕಡೆ ತಿರುಗಿ ನಕ್ಕ. "ಏನಮ್ಮ, ನಾಳೆ ಹೊರಡ್ತೀಯಾ?"

ರಮ್ಯಾ ಬಾಗಿಲಲ್ಲಿ ನಿಂತಿದ್ದಳು. ಈ ಸಲ ಸುಳ್ಳು ಹೇಳುವ ಹಾಗಿಲ್ಲ, ವೇದಿಕೆ ಹತ್ತುವ ಹಾಗಿಲ್ಲ. ಹೂಂ ಎಂದರೆ ಸಾಕು. ಅವಳು ಅಪ್ಪನ ಮುಖ ನೋಡಿದಳು. ಅಪ್ಪ ತಲೆ ಎತ್ತಲಿಲ್ಲ. ಬೀದಿಯೆಲ್ಲ ಅವಳನ್ನೇ ನೋಡುತ್ತಿತ್ತು. ಅವಳು ಒಳಗೆ ಹೋದಳು. ಹೊರಗೆ ಬಂದಾಗ ಒಂದು ಕೈಯಲ್ಲಿ ಚೊಂಬು ನೀರು, ಇನ್ನೊಂದು ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಒಂದು ಅಚ್ಚು ಬೆಲ್ಲ. ಮನೆ ಮುಂದೆ ಬಂದವರಿಗೆ ಮೊದಲು ಅದನ್ನು ಕೊಡುವುದು ನಮ್ಮ ಕಡೆಯ ಪದ್ಧತಿ. ಬಂದವರು ಒಂದು ಗುಟುಕಾದರೂ ಕುಡಿಯದೆ ಮಾತು ಮುಂದುವರಿಸುವುದಿಲ್ಲ.

"ಬಿಸ್ಲಲ್ಲಿ ಬಂದಿದ್ದೀರ ಸಾರ್. ಮೊದ್ಲು ನೀರು ಕುಡೀರಿ" ಎಂದಳು.

ಬಸವಪ್ರಸಾದ್ ಚೊಂಬು ತೆಗೆದುಕೊಂಡ. ತೆಗೆದುಕೊಳ್ಳದೆ ವಿಧಿಯಿರಲಿಲ್ಲ. ಬಾಯಿಯವರೆಗೂ ತಂದ. ನೀರನ್ನು ನೋಡಿದ. ಸುತ್ತ ನಿಂತ ಅಷ್ಟೂ ಜನರ ಕಣ್ಣು ಆ ಚೊಂಬಿನ ಮೇಲಿತ್ತು. ಬಿಂದು ಮುಂದೆ ಬಂದು ಅವನು ಕುಡಿಯುವುದನ್ನೇ ಕಾಯುತ್ತಾ ಬಾಯಿ ಬಿಟ್ಟುಕೊಂಡು ನಿಂತಿದ್ದಳು. ಅವನು ಚೊಂಬನ್ನು ಮೆಲ್ಲಗೆ ಜಗಲಿಯ ಮೇಲಿಟ್ಟ.

"ನಂಗೆ ಬಾಯಾರ್ಕೆ ಇಲ್ಲ" ಎಂದ.

"ನಮ್ಮ ಮಕ್ಳಿಗೆ ಆಯ್ತದೆ ಕಣಪ್ಪ" ಎಂದಳು ಚಿಕ್ಕಬೀರಮ್ಮ. "ದಿನಾ ಆಯ್ತದೆ."